ಕೊನೆಯ ಪ್ರಶ್ನೆಯ ಮಾರ್ಕ್ಸ್

ಮೂಡಲಗಿ
೧೮ ನವೆಂಬರ್ ೨೦೨೪

ಪ್ರೀತಿಯ ದುಂಡವ್ವನಿಗೆ,

ಶರಣು ಶರಣಾರ್ಥಿ. ಉತ್ತರ ತಡವಾಯಿತೆಂದು ನೀನು ಹತ್ತರಗಿಯಲ್ಲಿ ಕೂತು ನನ್ನನ್ನು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಬೈದುಕೋ, ತಪ್ಪು ನನ್ನದೇ. ಫೋನು ಮಾಡಬಹುದಿತ್ತು ಅನ್ನಬೇಡ. ನಿನ್ನ ಕಿವಿಯ ಸಂಗತಿ ನಿನಗೇ ಗೊತ್ತು. ಕಳೆದ ಸಲ ನಾನು ಕೂಗಿ ಕೂಗಿ ಮಾತಾಡಿದ್ದಕ್ಕೆ ಬಾಜೂ ಮನೆಯವರು ಜಗಳವೆಂದು ಓಡಿ ಬಂದಿದ್ದರು. ಕನ್ನಡಕ ಹುಡುಕಿ ಈ ಪತ್ರವನ್ನು ನೀನೇ ಓದು. ಸೊಸೆಯ ಕೈಗೆ ಕೊಡಬೇಡ.

ನಾನು ಗೋಕಾಕದ ದವಾಖಾನೆಯಲ್ಲಿದ್ದೆ. ಗಾಬರಿಯಾಗಬೇಡ, ಈಗ ಮನೆಗೆ ಬಂದು ನನ್ನ ಕೈಯಾರೆ ರೊಟ್ಟಿ ಬಡಿದುಕೊಂಡು ತಿಂದಿದ್ದೇನೆ. ಮೆಟ್ಟಿಲು ಹತ್ತಿದರೆ ದಮ್ಮು, ಕಣ್ಣಿಗೆ ಕತ್ತಲೆ ಅಂತ ಹೇಳಿದ್ದೆನಲ್ಲ, ಅದಕ್ಕೇ. ಹೃದಯದೊಳಗಿನ ಒಂದು ಕವಾಟ ಬಿಗಿದುಕೊಂಡಿದೆಯಂತೆ, ರಕ್ತ ಹಾಯುವಾಗ ಸದ್ದು ಮಾಡುತ್ತದಂತೆ. ಆ ಸದ್ದು ಕೇಳಿ ದೊಡ್ಡ ಡಾಕ್ಟರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು! ಅಲ್ಲಿಗೆ ಮೆಡಿಕಲ್ ಕಾಲೇಜಿನ ಹುಡುಗರು ವಾರ್ಡಿನ ಕೆಲಸ ಕಲಿಯಲು ಬರುತ್ತಾರೆ. ಕಲಿತು ಮುಗಿದ ಮೇಲೆ ರೋಗಿಯ ಮಂಚದ ಪಕ್ಕದಲ್ಲೇ ಪರೀಕ್ಷೆ. ಇಷ್ಟು ಚಂದ ಸದ್ದು ಮಾಡುವ ಎದೆ ಮತ್ತೆಲ್ಲಿ ಸಿಗಬೇಕು? ನನ್ನನ್ನೇ ಆರಿಸಿದರು.

ಹಿಂದಿನ ದಿನ ಸಿಸ್ಟರ್ ಯಮನವ್ವ ಬಂದು, "ಅಜ್ಜಿ, ನಾಳೆ ಹುಡುಗರ ಪರೀಕ್ಷಾ ಐತಿ. ನಿಮಗೇನಾಗೇತಿ ಅಂತ ನೀವು ಬಾಯಿ ಬಿಡಬ್ಯಾಡ್ರಿ ಮತ್ತ, ಅವರ ಕಂಡುಹಿಡೀಬೇಕು" ಎಂದಳು. ಜೀವಮಾನವೆಲ್ಲ ಪ್ರಶ್ನೆಪತ್ರಿಕೆ ತೆಗೆದವಳು ನಾನು, ಈಗ ನಾನೇ ಪ್ರಶ್ನೆಪತ್ರಿಕೆಯಾಗಿ ಮಲಗಬೇಕಂತೆ! ನಗು ತಡೆಯಲಾಗಲಿಲ್ಲ. ದವಾಖಾನೆಗೆ ಸೇರಿಸಿಕೊಂಡವನು ನನ್ನ ಹಳೇ ಸೀರೆ, ಎಣ್ಣೆ ತಲೆ ನೋಡಿ, ಕೇಳದೆಯೇ 'ಮನೆಗೆಲಸ' ಎಂದು ಬರೆದಿದ್ದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ತಲೆ ಬೆಳ್ಳಗಾದವಳು ನಾನು. ಆದರೂ ತಿದ್ದಲು ಹೋಗಲಿಲ್ಲ, ಮಜಾ ನೋಡೋಣವೆಂದು.

ಮಾರ್ಕ್ಸ್ ಕೊಡುವ ರೀತಿ ಕೇಳು, ನಿನಗೂ ನಗು ಬರುತ್ತದೆ. ರೋಗಿಯನ್ನು ಮಾತಾಡಿಸಿ ವಿಷಯ ತಿಳಿದುಕೊಂಡರೆ ಇಷ್ಟು, ಮುಟ್ಟಿ ನೋಡಿದರೆ ಇಷ್ಟು, ನಡವಳಿಕೆಗೆ ನಾವು ಕೈಬರಹಕ್ಕೆ ಕೊಡುತ್ತಿದ್ದ ಹಾಗೆ ಒಂದು ಚಿಟಿಕೆ. ಆಮೇಲೆ ಆ ದೊಡ್ಡ ಡಾಕ್ಟರು, ಹುಡುಗರ ಬಾಯಲ್ಲಿ 'ಸರ್', ಕೇಳುವ ಪ್ರಶ್ನೆಗಳು. ಕೊನೆಯ ಪ್ರಶ್ನೆಗೇ ಮಾರ್ಕ್ಸ್ ಜಾಸ್ತಿ. ಎಲ್ಲ ಕೂಡಿ ಅರ್ಧ ಬರದಿದ್ದರೆ ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ.

ಮೊದಲು ಬಂದವನು ಶುಭಮ್ ಎಂಬ ಹುಡುಗ. ಸರ್ ಇನ್ನೂ ಬಂದಿರಲಿಲ್ಲ. ಸ್ಟೆತಾಸ್ಕೋಪನ್ನು ಎದೆಯ ಎಡಗಡೆಯೇ ಇಟ್ಟು ಇಟ್ಟು ಹುಡುಕುತ್ತಿದ್ದ. ನನ್ನಿಂದ ನೋಡಲಾಗಲಿಲ್ಲ. "ತಮ್ಮಾ, ಚೂರು ಬಲಕ್ಕ ಸರಸು. ಡಾಕ್ಟರ್ ದಿನಾ ಅಲ್ಲೇ ಹಚ್ಚತಾರ" ಎಂದು ಪಿಸುಗುಟ್ಟಿದೆ. ಕಾಪಿ ಹೊಡೆದವರ ಕಿವಿ ಹಿಂಡುತ್ತಿದ್ದ ಟೀಚರ್ ತಾನೇ ಕಾಪಿ ಹೊಡೆಸಿದಳು ನೋಡು! ಸರ್ ಬಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಹುಡುಗ ಪಟಪಟನೆ ಉತ್ತರ ಹೇಳಿದ. ಕೊನೆಯ ಪ್ರಶ್ನೆಗೂ ಹೇಳಿ ಶಾಭಾಸ್ ಅನ್ನಿಸಿಕೊಂಡ.

ಆಮೇಲೆ ಹೊರಗೆ ಕಾಯುತ್ತಿದ್ದ ನೇತ್ರಾ ಬಂದಳು. ನಿಮ್ಮ ಕಡೆಯವಳೇ, ಕಣಗಲಾ ಊರಿನವಳು, ಮನೆಯಲ್ಲಿ ನಿಮ್ಮಂತೆಯೇ ಕುರಿ ಸಾಕುತ್ತಾರೆ. ಹಿಂದಿನ ಸಲ ರೋಗಿಯ ಜೊತೆ ಮಾತಾಡುತ್ತಲೇ ಹೊತ್ತು ಕಳೆದು ಫೇಲಾಗಿದ್ದಳಂತೆ. ಈ ಸಲವೂ ಹೋದರೆ ಗೆಳತಿಯರೆಲ್ಲ ಮುಂದೆ ಹೋಗುತ್ತಾರೆ, ಇವಳೊಬ್ಬಳೇ ಹಿಂದೆ. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ ಹುಡುಗಿಗೆ, ಸ್ಟೂಲು ಎಳೆದುಕೊಂಡು ಕೂತಳು. "ಅಜ್ಜಿ, ಮೊದಲ ನೀವು ಏನ್ ಕೆಲಸಾ ಮಾಡ್ತಿದ್ರಿ?" ಎಂದಳು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಂಗ್ಲಿಷ್ ಟೀಚರಾ? ಅಯ್ಯ, ನೀವು ನಮ್ಮೂರ ಸಾಲ್ಯಾಗ ಇದ್ದಿದ್ರ ನಾ ಇಷ್ಟು ತಡವರಸ್ತಿದ್ದಿಲ್ಲ ನೋಡ್ರಿ!"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಸರ್ ಬಂದರು. ಹುಡುಗಿ ತಡವರಿಸಿದರೂ ಒಂದೊಂದಾಗಿ ಸರಿಯಾಗಿ ಹೇಳುತ್ತಾ ಹೋದಳು. ಕೊನೆಗೆ ಇಂಗ್ಲಿಷಿನಲ್ಲೇ ಆ ಪ್ರಶ್ನೆ ಬಂತು: ಆಪರೇಷನ್ ಮಾಡದಿದ್ದರೆ ಈ ರೋಗಿ ಎಷ್ಟು ಕಾಲ ಬದುಕಬಹುದು?

ನೇತ್ರಾ ನನ್ನ ಮುಖ ನೋಡಿದಳು. "ಸರ್, ಹೊರಗ ಬಂದು ಹೇಳ್ಲೇನ್ರಿ?"

"ಪರೀಕ್ಷಾ ಇಲ್ಲೇ ನಡದೈತಿ. ಹೇಳದಿದ್ರ ಆ ಮಾರ್ಕ್ಸ್ ಹೋದ್ವು."

"ಹೋಗ್ಲಿ ಬಿಡ್ರಿ ಸರ್" ಎಂದಳು. ಕಣ್ಣಲ್ಲಿ ನೀರು. ಆದರೂ ಬಾಯಿ ಬಿಡಲಿಲ್ಲ ದುಂಡವ್ವಾ!

ಸರ್ ಅವಳನ್ನು ಹೊರಗೆ ಕರೆದುಕೊಂಡು ಹೋದರು. ಅಲ್ಲಿ ಅವಳು ನಾನು ಇಂಗ್ಲಿಷ್ ಟೀಚರೆಂದು ಹೇಳಿದಳಂತೆ. ವಾಪಸು ಬಂದಾಗ ಸರ್ ಮುಖ ಸಣ್ಣಗಾಗಿತ್ತು. "ಟೀಚರ್, ಬೆಳಿಗ್ಗಿಂದ ನಾವು ಇಲ್ಲಿ ಮಾತಾಡಿದ್ದು ನಿಮಗ..." ಎಂದು ತೊದಲಿದರು. ಅವರ ಹಿಂದೆ ಶುಭಮ್ ಬಿಳಿಚಿಕೊಂಡು ನಿಂತಿದ್ದ. ಆಗ ನಾನು ಏನು ಮಾಡಿದೆ ಗೊತ್ತೇ? ನಿನ್ನ ಹಾಗೆ ಕಿವಿಗೆ ಕೈ ಹಚ್ಚಿ, "ಏನಂದ್ರಿ ಸಾಹೇಬರ? ಜೋರಾಗಿ ಹೇಳ್ರಿ, ನನಗ ಕಿವಿ ಮಂದ!" ಎಂದು ಕೂಗಿದೆ. ಇಡೀ ವಾರ್ಡು ತಿರುಗಿ ನೋಡಿತು. ಸರ್ ನಿರಾಳವಾಗಿ ಉಸಿರು ಬಿಟ್ಟರು. ಶುಭಮನ ಮುಖಕ್ಕೆ ರಕ್ತ ಬಂತು. ನಿನ್ನ ಕಿವುಡು ನನಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ನೇತ್ರಾ ಒಬ್ಬಳೇ ನಂಬಲಿಲ್ಲ. ಅಷ್ಟು ಹೊತ್ತು ನನ್ನ ಜೊತೆ ಮೆಲ್ಲಗೆ ಮಾತಾಡಿದವಳು ಅವಳೇ ಅಲ್ಲವೇ?

ಈಗ ಸಂತೋಷದ ಸುದ್ದಿ. ಹುಡುಗಿ ಪಾಸಾದಳು! ಎಲ್ಲರಿಗಿಂತ ಹೆಚ್ಚು ಶುಭಮನಿಗೇ, ಆದರೆ ಇವಳೂ ಅರ್ಧ ದಾಟಿದಳು. ನಡವಳಿಕೆಯ ಮಾರ್ಕ್ಸನ್ನು ಸರ್ ಒಂದೂ ಬಿಡದೆ ಕೊಟ್ಟಿದ್ದಾರೆ. ಇನ್ನು ಮುಂದೆ ಆ ಪ್ರಶ್ನೆಯನ್ನು ಹೊರಗೇ ಕೇಳುತ್ತಾರಂತೆ. ಮರುದಿನ ನೇತ್ರಾ ಪೇಢೆ ತಂದು ನನ್ನ ಬಾಯಿಗೆ ಹಾಕಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೂತಳು. ಗೋಕಾಕಕ್ಕೆ ಹೋಗಿಯೂ ನಿನಗೆ ಕರದಂಟು ತರಲಿಲ್ಲ, ಅದಕ್ಕೊಂದಿಷ್ಟು ಬೈಗುಳ ಉಳಿಸಿಕೋ.

ನಿನ್ನ ಮಗ ಮಾಲಿಂಗನಿಗೆ, ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಕುರಿಮರಿಗಳೂ ಚೆನ್ನಾಗಿರಲಿ. ಆ ಹುಡುಗಿ ದೊಡ್ಡ ಡಾಕ್ಟರಾಗಲಿ ಎಂದು ನೀನೂ ಒಂದು ಸಲ ದೇವರಿಗೆ ಹೇಳು.

ನಿನ್ನ ಹಾಸ್ಟೆಲಿನ ಗೆಳತಿ,
ದ್ರಾಕ್ಷಾಯಿಣಿ

ತಾ.ಕ.: ನೇತ್ರಾ ಬಾಯಿ ಮುಚ್ಚಿಕೊಂಡಳು, ಆದರೆ ಶುಭಮ್ ಅದಕ್ಕೂ ಮೊದಲೇ ಹೇಳಿಬಿಟ್ಟಿದ್ದ ದುಂಡವ್ವಾ. ಹೆಚ್ಚೆಂದರೆ ಎರಡು ವರ್ಷ. ಅವನ ಮೇಲೆ ಸಿಟ್ಟಿಲ್ಲ, ಸರಿಯಾದ ಉತ್ತರ ಹೇಳಿದ, ಅಷ್ಟೇ. ಮುಂದಿನ ತಿಂಗಳು ಬೆಳಗಾವಿಯಲ್ಲಿ ಆಪರೇಷನ್, ನಾನು ಹೂಂ ಅಂದಿದ್ದೇನೆ. ಇಷ್ಟೊತ್ತು ನಗುನಗುತ್ತಾ ಬರೆದೆ, ಆದರೆ ನನಗೆ ಬಹಳ ಹೆದರಿಕೆಯಾಗಿದೆ. ಒಳಗೆ ಕರೆದುಕೊಂಡು ಹೋಗುವ ತನಕ ನೀನು ನನ್ನ ಹತ್ತಿರ ಇರಬೇಕು, ಬಾ. ಫೋನಿನಲ್ಲಿ ಇದನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ.