ಬೀಕರಿನ ತಳದ ಹನಿಗಳು

ಪಾಡುವಾ, ಮಂಗಳವಾರ

ಪ್ರೀತಿಯ ಪ್ರೊಫೆಸರ್ ಬ್ರೆಸ್ಸಾನ್ ಅವರಿಗೆ,

ಮದುವೆಯಾದ ಮೇಲಿನ ಈ ಹದಿನೆಂಟು ದಿನವೂ ನಾನು ಖುಷಿಯಲ್ಲಿ ತೇಲುತ್ತಿದ್ದೆ. ಹೃದಯದ ಜೀವಕೋಶಗಳ ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಇಲ್ಲದೆಯೂ ಅಷ್ಟೇ ಶಕ್ತಿ ತಯಾರಿಸುತ್ತವೆ ಎಂದು ಕುಣಿಯುತ್ತಾ ನಿಮಗೆ ಗ್ರಾಫ್ ತಂದುಕೊಟ್ಟೆ. ನೀವು ಎಲ್ಲರೆದುರು, "ಮೂವತ್ತು ವರ್ಷ ನಾನು ಹೇಳಿದ್ದೆಲ್ಲ ತಪ್ಪಂತೆ! ಗುರುವಾರ ಬೊಲೊನ್ಯಾದ ಸಭೇಲಿ ಒಪ್ಕೊಂಡುಬಿಡ್ತೀನಿ ಕಣಮ್ಮ, ಮದುಮಗಳೇ," ಎಂದು ನಕ್ಕಿರಿ.

ನಿನ್ನೆ ಬೆಳಿಗ್ಗೆ ನನ್ನ ಗಂಡ ಅಲ್ವೀಸೆ ಕೆಟಲ್ ತಳದ ಬಿಳಿ ಪದರ ಕೆರೆಯುತ್ತಾ, "ನೋಡೇ, ನಮ್ಮೂರ ನಲ್ಲೀಲಿ ನೀರಿಗಿಂತ ಸುಣ್ಣಾನೇ ಜಾಸ್ತಿ," ಎಂದ. ಸುಣ್ಣವೆಂದರೆ ಕ್ಯಾಲ್ಸಿಯಂ ಅಲ್ಲವೇ ಎಂದು ಆಗ ನನಗೆ ಹೊಳೆಯಿತು. ಆ ಪ್ರಯೋಗದ ದಿನ ಮನೆಗೆ ಓಡುವ ಆತುರದಲ್ಲಿ ಬೀಕರುಗಳನ್ನು ನಲ್ಲಿ ನೀರಿನಲ್ಲಷ್ಟೇ ತೊಳೆದು, 'ಬಟ್ಟಿ ಇಳಿಸಿದ ನೀರು, ಮೂರು ಸಲ' ಎಂದು ದಾಖಲೆ ಪುಸ್ತಕದಲ್ಲಿ ಬರೆದಿದ್ದೆ. ತಳದಲ್ಲಿ ಉಳಿದ ಹನಿಗಳ ಕ್ಯಾಲ್ಸಿಯಮ್ಮೇ ಮೈಟೊಕಾಂಡ್ರಿಯಾಗಳಿಗೆ ಸಾಕಾಗಿತ್ತು.

ದಯವಿಟ್ಟು ಭಾಷಣದಿಂದ ನನ್ನ ಗ್ರಾಫನ್ನು ತೆಗೆದುಬಿಡಿ. ದಾಖಲೆ ಪುಸ್ತಕದ ಆ ಪುಟದ ಮೇಲೆ ನಿಜವನ್ನು ಬರೆದು ಸಹಿ ಹಾಕಿದ್ದೇನೆ. ನಿಮ್ಮ ಮುಖ ನೋಡುವ ಧೈರ್ಯವಿಲ್ಲದೆ ಈ ಪತ್ರವನ್ನು ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ.

ಇವತ್ತು ಬೀಕರುಗಳನ್ನು ನಿಜಕ್ಕೂ ಮೂರು ಸಲ ತೊಳೆದು ಮತ್ತೆ ಪರೀಕ್ಷಿಸಿದೆ. ಕ್ಯಾಲ್ಸಿಯಂ ಇಲ್ಲದೆ ಮೈಟೊಕಾಂಡ್ರಿಯಾ ಮಂಕಾಗಿಯೇ ಇದ್ದವು. ಮೂವತ್ತು ವರ್ಷವೂ ನೀವು ಹೇಳಿದ್ದೇ ಸರಿ, ಸರ್.

ತಲೆತಗ್ಗಿಸಿರುವ ನಿಮ್ಮ ವಿದ್ಯಾರ್ಥಿನಿ,
ನಿವೆಸ್