ಅಪ್ಪ ಕಣ್ಣು ಮುಚ್ಚಿದ ಫೋಟೋ

ಅಪ್ಪಾ,

ಕ್ಯಾಮೆರಾ ಕೊಂಡೆ! ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಪುಟ್ಟದು. ನೀನು ಹೋದ ಮೇಲೆ ಮನೆಗೆ ಬಂದ ಮೊದಲ ಹೊಸ ವಸ್ತು ಇದು.

ಅಂಗಡಿಯಲ್ಲಿ ಬಾಯಿ ಬಿಡಲು ನಾಚಿಕೆಯಾಗಿ ಬರೀ ಬೆರಳು ತೋರಿಸಿದೆ. ಅಂಗಡಿಯವರೇ ಬ್ಯಾಟರಿ, ಕಾರ್ಡು ಹಾಕಿ ಕೈಗೆ ಕೊಟ್ಟರು. ನಾನು ಗುಂಡಿಯನ್ನು ಒಮ್ಮೆಲೇ ಅದುಮಿದೆ. "ಅಯ್ಯೋ ತಾಯಿ, ಅದೇನು ಕಾಲಿಂಗ್ ಬೆಲ್ಲಾ? ಅರ್ಧ ಒತ್ತಿ ತಡಿ. ಮುಖದ ಮೇಲೆ ಚೌಕ ಬಂದ್ಮೇಲೆ ಪೂರ್ತಿ ಒತ್ತು" ಎಂದರು.

ಮನೆಗೆ ಬಂದು, ಚಾರ್ಜರಿನ ದೀಪ ಹಸಿರಾದದ್ದೇ ತಡ, ಹೊಲಿಗೆ ಯಂತ್ರದ ಮುಂದಿದ್ದ ಅಮ್ಮನತ್ತ ಹಿಡಿದೆ.

"ತಲೆ ಬಾಚಿಲ್ಲ ಕಣೇ, ಬೇಡ!"

ಅರ್ಧ ಒತ್ತಿದೆ. ಅಮ್ಮನ ಮುಖಕ್ಕೊಂದು ಹಳದಿ ಚೌಕ ಬಂತು. ಅವಳ ಹಿಂದೆ, ಗೋಡೆಯ ಮೇಲೂ ಇನ್ನೊಂದು ಬಂತು. ನಿನ್ನ ಫೋಟೋ ಮೇಲೆ, ಅಪ್ಪಾ! ಕ್ಯಾಮೆರಾ ನಿನ್ನನ್ನೂ ಲೆಕ್ಕಕ್ಕೆ ಹಿಡಿದಿತ್ತು.

ಪೂರ್ತಿ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ತಂಗಿ ಓದಿ, ಬಿದ್ದು ಬಿದ್ದು ನಕ್ಕಳು.

"ಯಾರೋ ಕಣ್ಣು ಮುಚ್ಚಿದಾರಂತೆ!"

ನಿನ್ನದು ಅಂತ ಇರುವುದು ಅದೊಂದೇ ಫೋಟೋ, ಅದರಲ್ಲೂ ನೀನು ಕಣ್ಣು ಮಿಟುಕಿಸಿಬಿಟ್ಟಿದ್ದೆ. ನಾವು ರೇಗಿಸಿದರೆ, "ಇರ್ಲಿ ಬಿಡ್ರೇ, ಇನ್ನೊಂದ್ಸಲ ತೆಗೆಸೋಣ" ಅನ್ನುತ್ತಿದ್ದೆ.

ಅಮ್ಮ ತಿರುಗಿ ಗೋಡೆ ನೋಡಿದಳು. "ನಿಮ್ಮಪ್ಪನ ನಿದ್ದೆ ಇದಕ್ಕೂ ಗೊತ್ತಾಗೋಯ್ತಾ?" ಎಂದು ಅವಳೂ ನಕ್ಕಳು.

ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ತಂಗಿ ಮೆಲ್ಲಗೆ ಓದಿದಳು. "ಇನ್ನೊಂದ್ಸಲ ತೆಗೀಬೇಕಾ ಅಂತ ಕೇಳ್ತಿದೆ ಕಣಕ್ಕಾ."

ಹೌದು ಎಂದು ಒತ್ತಿ, ಅಮ್ಮನನ್ನು ಎಬ್ಬಿಸಿ ನಿನ್ನ ಪಕ್ಕಕ್ಕೆ ನಿಲ್ಲಿಸಿದೆ.