ಕಂಬಿಯ ಮೇಲಿನ ಕಲ್ಲು

೪ ಜನವರಿ ೨೦೦೬, ಸಂಜೆ

ಟ್ರಾಲಿ ಎಳೆಯುವ ಮೋಟಾರ್ ಇನ್ನೂ ರಿಪೇರಿಯಾಗಿಲ್ಲ. ಗ್ರಾನೈಟ್ ಕಲ್ಲು ಹೇರಿದ ಟ್ರಾಲಿಯನ್ನು ಇವತ್ತೂ ನಾವೇ ಕಂಬಿಯ ಮೇಲೆ ನೂಕಿ ಗರಗಸದ ಶೆಡ್ಡಿಗೆ ಮುಟ್ಟಿಸಿದೆವು. ಮೇಸ್ತ್ರಿ ಲಿಂಗಯ್ಯಣ್ಣ ‘ಐಸಾ’ ಅಂದಾಗ ಎಲ್ಲರೂ ಕೂಗಿ ಒಮ್ಮೆಗೇ ತಳ್ಳುತ್ತಾರೆ. ನನಗೆ ಕೂಗಲು ನಾಚಿಕೆ. ಸುಮ್ಮನೆ ಹೆಗಲು ಕೊಟ್ಟು ಒಂದೇ ಸಮ ಒರಗಿರುತ್ತೇನೆ.

ಮೊದಲು ಏನೂ ಇಲ್ಲ... ಆಮೇಲೆ ಕಲ್ಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ನಡಿಗೆ. ಕೊನೆಗೆ ನಾನೇ ಅದರ ಹಿಂದೆ ಓಡಬೇಕು. ಹೆಚ್ಚು ಒತ್ತಲಿಲ್ಲ. ಮೊದಲು ಎಷ್ಟೋ ಕೊನೆಗೂ ಅಷ್ಟೇ. ಈ ವೇಗ ಎಲ್ಲಿಂದ ಬಂತು?

೮ ಜನವರಿ, ಭಾನುವಾರ

ರಜಾ. ಸಾವನದುರ್ಗದ ಬುಡಕ್ಕೆ ಹೋಗಿದ್ದೆ. ಬೆಟ್ಟ ಮಂಜಿನಲ್ಲಿ ಅರ್ಧ ಕರಗಿತ್ತು. ಯಾರೂ ಇಲ್ಲದ್ದು ನೋಡಿ ಬಂಡೆಗೆ ಹೆಗಲು ಕೊಟ್ಟೆ. ಕಣ್ಣು ಮುಚ್ಚಿದರೆ ಅಲುಗಿದ ಹಾಗೇ...

ಅಲ್ಲೇ ಹೊಳೆಯಿತು. ಈ ಗಳಿಗೆ ಒತ್ತಿದ್ದರಿಂದ ಬಂದ ಓಟ ಕಲ್ಲಿನಲ್ಲೇ ಉಳಿಯುತ್ತದೆ. ಮುಂದಿನ ಗಳಿಗೆ ಅದರ ಮೇಲೆ ಇನ್ನೊಂದಿಷ್ಟು. ಸಣ್ಣ ನಲ್ಲಿಯ ಕೆಳಗೆ ಬಿಂದಿಗೆ ತುಂಬುವ ಹಾಗೆ.

ಹಾಗಾದರೆ ತಾಜ್ ಪಾಷಾ ಚಾಚಾ? ಶೆಡ್ಡಿನೊಳಗೆ ಕಂಬಿಯ ಆ ತುದಿಯಲ್ಲಿ ಕೂತು, ಬರುವ ಚಕ್ರದ ಮುಂದೆ ಮರದ ತುಂಡು ಇಡುವುದು ಅವರ ಕೆಲಸ. ಬರಿಗೈಯಲ್ಲಿ. ನಾವು ಕೊನೆವರೆಗೂ ನೂಕುತ್ತಲೇ ಇರುತ್ತೇವೆ, ಓಟ ಎಲ್ಲಕ್ಕಿಂತ ಹೆಚ್ಚಾಗುವುದು ಅವರ ಕೈ ಹತ್ತಿರವೇ. ಅರ್ಧ ದಾರಿಗೇ ನೂಕುವುದು ಬಿಟ್ಟು ಹಿಂದಕ್ಕೆ ಎಳೆಯುತ್ತ ಹೋಗಬೇಕು.

ನಾಳೆ ಹೇಳುತ್ತೇನೆ.

೧೦ ಜನವರಿ

ಹೇಳಲಿಲ್ಲ.

೧೨ ಜನವರಿ

ಮರದ ತುಂಡು ಸೀಳಿ ಹೋಯಿತು. ಚಾಚಾ ಅವರ ಹೆಬ್ಬೆರಳ ಉಗುರು ಕಿತ್ತು ಬಂತು. ಬೆರಳು ಉಳಿಯಿತು. ಮಧ್ಯಾಹ್ನ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಅಲ್ಲೇ ಕೂತರು.

೨೩ ಜನವರಿ

ನಾಳೆ ದೊಡ್ಡ ಕಲ್ಲು. ಅರ್ಧ ದಾರಿಗೇ ಹಿಂದಕ್ಕೆ ಎಳೆಯೋಣ ಅಂತ ಕೊನೆಗೂ ಲಿಂಗಯ್ಯಣ್ಣನಿಗೆ ಹೇಳಿದೆ.

“ಲೇ ದೇವ, ನಿಂಗೂ ಮಾತು ಬತ್ತದಾ?” ಅಂದರು. ಎಲ್ಲರೂ ನಕ್ಕರು. ಅರ್ಧಕ್ಕೇ ಕೈಬಿಟ್ಟರೆ ಕಲ್ಲು ಅಲ್ಲೇ ಮಲಗುತ್ತದಂತೆ.

“ಓಡೋ ಕಲ್ಲು ಮನಿಕಳಾಕಿಲ್ಲ ಅಣ್ಣ. ಚಾಚಾನ ಕೈ ಹೋಯ್ತದೆ.”

ನಗು ನಿಂತಿತು. ಟ್ರಾಲಿಯ ಹಿಂದೆ ಹಗ್ಗ ಕಟ್ಟಲು ಒಪ್ಪಿದರು. ಕಂಬಿಯ ನಡುಮಧ್ಯ ಸುಣ್ಣದ ಗೆರೆ ಎಳೆದು ಬಂದೆ.

೨೪ ಜನವರಿ

ಕಲ್ಲು ಗೆರೆ ಮುಟ್ಟಿದಾಗ “ಬುಡಿ” ಅಂತ ಯಾರೋ ಕೂಗಿದರು. ಅದು ನಾನೇ ಅಂತ ಆಮೇಲೆ ಗೊತ್ತಾಯಿತು. ಹಗ್ಗ ಹಿಡಿದು ಹಿಂದಕ್ಕೆ ಒರಗಿದೆವು. ಕಲ್ಲು ಹೋಗುತ್ತಲೇ ಇತ್ತು... ನಿಧಾನ... ಇನ್ನೂ ನಿಧಾನ... ಚಾಚಾ ಕೂತಲ್ಲಿಂದ ಎರಡು ಮಾರು ಈಚೆಗೇ ನಿಂತುಬಿಟ್ಟಿತು. ಚಕ್ರದ ತಿಕ್ಕಾಟವೂ ನಮ್ಮ ಜೊತೆ ಸೇರಿ ಹಿಂದಕ್ಕೆ ಹಿಡಿಯುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

“ನಿನ್ ಮಾತಿನಂಗೇ ಕಣ್ಲಾ, ಬಾಗ್ಲುಗಂಟ ಬಂದು ನಿಂತ್ಕತು” ಅಂದರು ಲಿಂಗಯ್ಯಣ್ಣ.

ಚಾಚಾ ಎದ್ದರು. ಮರದ ತುಂಡನ್ನು ನೆಲದ ಮೇಲೇ ಬಿಟ್ಟು, ಟ್ರಾಲಿಯನ್ನು ಬಳಸಿ ಬಂದು, ಅದರ ಹಿಂದೆ ನನ್ನ ಪಕ್ಕ ನಿಂತರು.

“ಬಾ ಮಗ, ಇನ್ನೊಸಿ ಐತೆ.”

ಇಬ್ಬರೂ ಒರಗಿದೆವು. ಬಟ್ಟೆ ಸುತ್ತಿದ ಆ ಕೈ ಕಲ್ಲಿನ ಮೇಲೆ ನನ್ನ ಕೈಗೆ ತಾಗಿಕೊಂಡೇ ಇತ್ತು, ಐದೂ ಬೆರಳು—